ಮನೆಯ ಕೋವಿಗೆ ಯಾವ ಪೆಟ್ಟಿಗೆ? ಕೊಡಗು, ಮಲೆನಾಡಿನ ಮನೆಗಳಿಗೊಂದು ಹೋಲಿಕೆ

ಕೊಡಗಿನಲ್ಲೂ ಮಲೆನಾಡಿನಲ್ಲೂ ಕೋವಿ ಇರುವ ಮನೆಗಳು ಬಹಳ. ಆದರೆ ಕೋವಿಗೆಂದೇ ಬೀಗದ ಪೆಟ್ಟಿಗೆ ಇರುವ ಮನೆಗಳು ಕಡಿಮೆ. ಕೆಲವರ ಮನೆಯಲ್ಲಿ ಅದು ನಡುಮನೆಯ ಗೋಡೆಯ ಗೂಟಕ್ಕೆ ತೂಗುತ್ತಿರುತ್ತದೆ, ಕೆಲವರಲ್ಲಿ ಬೀರುವಿನ ಹಿಂದೆ ಒರಗಿರುತ್ತದೆ, ಇನ್ನು ಕೆಲವರಲ್ಲಿ ಅಟ್ಟದ ಮೇಲೆ ಗೋಣಿಚೀಲ ಸುತ್ತಿಕೊಂಡು ಮಲಗಿರುತ್ತದೆ. ಈಗ ಅಂತರ್ಜಾಲದ ಅಂಗಡಿಗಳಲ್ಲಿ ‘ಗನ್ ಸೇಫ್’ ಎಂಬ ಹೆಸರಿನಲ್ಲಿ ಹತ್ತಾರು ಬಗೆಯ ಪೆಟ್ಟಿಗೆಗಳು ಸಿಗುತ್ತಿರುವುದರಿಂದ, ಯಾವುದನ್ನು ಕೊಳ್ಳಬೇಕು, ಕೊಳ್ಳುವ ಬದಲು ಊರಿನ ವೆಲ್ಡಿಂಗ್ ಶಾಪಿನಲ್ಲೇ ಮಾಡಿಸಿದರೆ ಸಾಲದೇ ಎಂಬ ಪ್ರಶ್ನೆಗಳು ಸಹಜವಾಗಿಯೇ ಏಳುತ್ತವೆ. ಈ ಬರಹ ಆ ಆಯ್ಕೆಗಳನ್ನು ನಮ್ಮ ಮಳೆ, ನಮ್ಮ ಗೋಡೆ, ನಮ್ಮ ಕೋವಿಗಳನ್ನು ಮುಂದಿಟ್ಟುಕೊಂಡು ಹೋಲಿಸುತ್ತದೆ.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ 1959ರ ಆಯುಧ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಉಳಿದವರು ಬೆಳೆ ರಕ್ಷಣೆಗೋ ಆತ್ಮರಕ್ಷಣೆಗೋ ಪರವಾನಗಿ ಪಡೆದೇ ಕೋವಿ ಇಟ್ಟುಕೊಳ್ಳಬೇಕು, ಮತ್ತು 2016ರ ಆಯುಧ ನಿಯಮಗಳ ಪ್ರಕಾರ ಕೋವಿಯನ್ನೂ ತೋಟಾಗಳನ್ನೂ ಭದ್ರವಾಗಿ ಇಡುವುದಾಗಿ ಅರ್ಜಿಯ ಜೊತೆಗೇ ಮುಚ್ಚಳಿಕೆ ಬರೆದುಕೊಡಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರೊಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಈ ಕೊನೆಯ ಸಂಗತಿ ಪೆಟ್ಟಿಗೆಯ ಆಯ್ಕೆಗೂ ನೇರವಾಗಿ ತಾಗುತ್ತದೆ: ಅಮೆರಿಕದ ಮಾರುಕಟ್ಟೆಯನ್ನು ಕಣ್ಣಮುಂದಿಟ್ಟುಕೊಂಡು ತಯಾರಾದ ಇಪ್ಪತ್ತು, ಮೂವತ್ತು ಬಂದೂಕುಗಳ ತಿಜೋರಿ ನಮ್ಮಲ್ಲಿ ಯಾರಿಗೂ ಬೇಕಾಗಿಲ್ಲ. ಎರಡರಿಂದ ನಾಲ್ಕು ಕೋವಿ ಹಿಡಿಸುವ ಕಿರಿದಾದ ಕಪಾಟು ಧಾರಾಳವಾಗಿ ಸಾಕು.

ಯಾರಿಂದ, ಯಾವುದರಿಂದ ಕಾಪಾಡಬೇಕು

ಪೆಟ್ಟಿಗೆ ಮಾರುವವರು ಮೊದಲು ಹೇಳುವುದು ಕಳ್ಳನ ಮಾತು, ಆಮೇಲೆ ಬೆಂಕಿಯ ಮಾತು. ನನ್ನ ಲೆಕ್ಕದಲ್ಲಿ ಈ ಕ್ರಮವೇ ತಪ್ಪು. ನಮ್ಮ ಮನೆಗಳಲ್ಲಿ ಕೋವಿಗೆ ಮೊದಲು ಕೈ ಹಾಕುವ ಸಾಧ್ಯತೆ ಇರುವುದು ರಜೆಗೆ ಬಂದ ಮೊಮ್ಮಕ್ಕಳಿಗೆ ಮತ್ತು ಅವರ ಗೆಳೆಯರಿಗೆ. ಅದರ ನಂತರ, ಕುಡಿದ ಅಮಲಿನಲ್ಲಿಯೋ ಜಾಗದ ತಕರಾರಿನ ಸಿಟ್ಟಿನಲ್ಲಿಯೋ ಬದುಕೇ ಬೇಡವೆನ್ನಿಸಿದ ಗಳಿಗೆಯಲ್ಲಿಯೋ ಇರುವ ಮನೆಯವರಿಗೆ. ಇವರಾರೂ ಗ್ಯಾಸ್ ಕಟರ್ ತರುವವರಲ್ಲ. ಸಾಧಾರಣ ಬೀಗ, ತೋಟಾಗಳು ಬೇರೆಡೆ ಇರುವುದು, ಕೀಲಿ ಕೈಗೆ ಸಿಗದಿರುವುದು, ಇಷ್ಟಿದ್ದರೆ ಅವರನ್ನು ತಡೆಯಬಹುದು. 2005ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಬಂದೂಕಿಗೆ ಬೀಗ ಹಾಕುವುದು, ಗುಂಡು ತುಂಬದೆ ಇಡುವುದು, ಗುಂಡುಗಳಿಗೂ ಬೀಗ ಹಾಕುವುದು, ಎರಡನ್ನೂ ಬೇರೆ ಬೇರೆ ಕಡೆ ಇಡುವುದು ಎಂಬ ನಾಲ್ಕು ರೂಢಿಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ಮಕ್ಕಳು ಮತ್ತು ಹದಿಹರೆಯದವರ ಆತ್ಮಹತ್ಯೆ ಹಾಗೂ ಆಕಸ್ಮಿಕ ಗಾಯಗಳು ಈ ನಾಲ್ಕರಲ್ಲಿ ಪ್ರತಿಯೊಂದೂ ಇದ್ದ ಮನೆಗಳಲ್ಲಿ ಕಡಿಮೆ ಎಂದು ಕಂಡುಕೊಂಡಿತು.

ಮನೆಯವರ ನಂತರ ನಿಲ್ಲುವ ಶತ್ರು ತೇವ. ಕಳ್ಳನಿಗೆ ಮೂರನೆಯ ಸ್ಥಾನ, ಬೆಂಕಿಗೆ ಕೊನೆಯದು. ಮುಂದಿನ ಹೋಲಿಕೆಯೆಲ್ಲ ಈ ಕ್ರಮವನ್ನೇ ಹಿಡಿದು ಸಾಗುತ್ತದೆ.

ಅಳೆಯಬೇಕಾದುದು ಮೊದಲು ಕೋವಿಯನ್ನು

ಹನ್ನೆರಡು ಬೋರಿನ ಜೋಡಿ ನಳಿಗೆಯ ತೋಟಾ ಕೋವಿಗೆ 30 ಅಂಗುಲದ ನಳಿಗೆ ಇದ್ದರೆ ಒಟ್ಟು ಉದ್ದ ನಾಲ್ಕು ಅಡಿಯ ಆಸುಪಾಸು ಬರುತ್ತದೆ. ಅದನ್ನು ನಳಿಗೆ, ಹಿಡಿ, ಮುಂಗಟ್ಟಿಗೆ (ನಳಿಗೆಯ ಕೆಳಗಿನ ಮರದ ತುಂಡು) ಎಂದು ಮೂರು ಭಾಗವಾಗಿ ಬಿಚ್ಚಬಹುದಾದ್ದರಿಂದ ಮೂರಡಿಯ ಅಡ್ಡಪೆಟ್ಟಿಗೆಯೂ ಸಾಕಾಗುತ್ತದೆ. ನಳಿಗೆಯನ್ನು ಒಂದು ಕಡೆ, ಹಿಡಿಯನ್ನು ಇನ್ನೊಂದು ಕಡೆ ಬೀಗದಲ್ಲಿಡುವ ಅನುಕೂಲವೂ ಉಂಟು.

ನಳಿಗೆಯ ಬಾಯಿಂದ ಮದ್ದು ತುಂಬಿ, ಸಿಡಿಯುವ ಪುಟ್ಟ ಟೋಪಿಯಂಥ ಕೇಪಿನಿಂದ ಹೊತ್ತಿಸುವ ಹಳೆಯ ಕೇಪಿನ ಕೋವಿಯ ಕತೆ ಬೇರೆ. ಅದರ ನಳಿಗೆ ಉದ್ದ, ಸುಲಭವಾಗಿ ಬಿಚ್ಚಲು ಬರುವುದಿಲ್ಲ, ಹಲವು ಕೋವಿಗಳು ಸಿದ್ಧ ಕಪಾಟುಗಳ ಒಳಗೆ ಹಿಡಿಯುವುದೇ ಇಲ್ಲ. ಅದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ. ಅಂಗಡಿಯಲ್ಲಿ ಸಿಗುವ ಟ್ರಿಗರ್ ಲಾಕನ್ನು ಕೇಪಿನ ಕೋವಿಗೆ ಹಾಕಿದರೆ ಟ್ರಿಗರ್ ಒತ್ತಲಾಗದು, ನಿಜ. ಆದರೆ ಹೊರಗೇ ಇರುವ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಅರ್ಧ ಮೇಲೆತ್ತಿ ಜಾರಬಿಟ್ಟರೆ ಅದು ಕೇಪಿನ ಮೇಲೆ ಬೀಳುತ್ತದೆ. ಒಳಗೆ ಮದ್ದು ತುಂಬಿದ್ದರೆ ಟ್ರಿಗರಿಗೆ ಬೀಗವಿದ್ದೂ ಈಡು ಹಾರಬಹುದು. ಹಂದಿ ಕಾಯಲು ಮದ್ದು ಜಡಿದಿಟ್ಟು, ಹಂದಿ ಬಾರದೆ ಬೆಳಗಾದ ಮೇಲೆ ಹಾಗೆಯೇ ಮನೆಗೆ ತಂದು ಮೂಲೆಗೆ ಒರಗಿಸುವ ರೂಢಿ ಕೆಲವು ಕಡೆ ಇದೆ. ಅಂಥ ಕೋವಿಗೆ ಎಂಥ ಪೆಟ್ಟಿಗೆ ತಂದರೂ ಪ್ರಯೋಜನ ಅಷ್ಟಕ್ಕಷ್ಟೇ. ಮೊದಲು ಕೇಪು ತೆಗೆಯಬೇಕು, ಈಡನ್ನು ತಿಳಿದವರಿಂದ ಖಾಲಿ ಮಾಡಿಸಬೇಕು, ಗಜ (ಮದ್ದು ಜಡಿಯುವ ಸರಳು) ಇಳಿಬಿಟ್ಟು ಅದು ತಳದವರೆಗೂ ಹೋಗುತ್ತದೆಯೇ ಎಂದು ನೋಡಬೇಕು. ಬೀಗ ಅದರ ನಂತರ.

ಮನೆಯ ಬೀರು

ಎಲ್ಲರ ಮನೆಯಲ್ಲೂ ಇರುವ ಉಕ್ಕಿನ ಬೀರುವಿನಿಂದಲೇ ಹೋಲಿಕೆಯನ್ನು ಆರಂಭಿಸಬಹುದು. ಸಾಮಾನ್ಯ ಬೀರುವಿನ ತಗಡು ಒಂದು ಮಿಲಿಮೀಟರಿನ ಆಚೀಚೆ ಇರುತ್ತದೆ, ಹಾರೆಯ ತುದಿ ಸಿಕ್ಕಿಸಿದರೆ ಬಾಗಿಲು ಬಹಳ ಹೊತ್ತು ತಡೆಯದು. ಆದರೂ ಮಕ್ಕಳನ್ನು ತಡೆಯಲು ಆ ತಗಡು ಸಾಕು. ಬೀರುವಿನ ನಿಜವಾದ ದೋಷ ಅದರ ಬಳಕೆಯಲ್ಲಿದೆ: ಸೀರೆ, ಪಹಣಿ, ಬ್ಯಾಂಕಿನ ಪುಸ್ತಕ ಎಲ್ಲವೂ ಅಲ್ಲೇ ಇರುವುದರಿಂದ ದಿನಕ್ಕೆ ಹತ್ತು ಸಲ ತೆರೆಯುತ್ತಾರೆ, ಕೀಲಿ ಬಾಗಿಲಿನಲ್ಲೇ ತೂಗುತ್ತಿರುತ್ತದೆ. ಹಾಗಾಗಿ ಬೀರುವನ್ನು ಕೋವಿಯ ಏಕೈಕ ಕಾವಲಾಗಿ ನಾನು ಒಪ್ಪುವುದಿಲ್ಲ. ಬೀರುವಿನೊಳಗಿನ ಪುಟ್ಟ ಲಾಕರ್ ಮಾತ್ರ ತೋಟಾಗಳಿಗೆ ಹೇಳಿ ಮಾಡಿಸಿದ ಜಾಗ, ಅದರ ಕೀಲಿಯನ್ನು ಉಳಿದ ಗೊಂಚಲಿನಿಂದ ಬೇರ್ಪಡಿಸಿದರೆ.

ಪೆಟ್ಟಿಗೆ ಬರುವವರೆಗಿನ ತಾತ್ಕಾಲಿಕ ಏರ್ಪಾಡಾಗಿ ಕೇಬಲ್ ಲಾಕ್ ಚೆನ್ನ. ತೋಟಾ ಕೋವಿಯನ್ನು ತೋಟಾ ತುಂಬುವಾಗಿನಂತೆ ನಡುವೆ ಮಡಚಿ ತೆರೆದು, ಉಕ್ಕಿನ ಹಗ್ಗವನ್ನು ನಳಿಗೆಯ ಹಿಂಬಾಯಿಯಿಂದ ತೂರಿಸಿ ಬೀಗ ಹಾಕಿದರೆ ಕೋವಿ ಮುಚ್ಚುವುದೇ ಇಲ್ಲ, ಖಾಲಿ ಇರುವುದೂ ಕಣ್ಣಿಗೆ ಕಾಣುತ್ತದೆ. ಹಿಂಬಾಯಿಯೇ ಇಲ್ಲದ ಕೇಪಿನ ಕೋವಿಗೆ ಇದು ಬಾರದು. ಟ್ರಿಗರ್ ಲಾಕನ್ನಂತೂ ತುಂಬಿದ ಕೋವಿಗೆ ಎಂದೂ ಹಾಕಬಾರದು. ಲಾಕಿನ ಮೊಳೆಯೇ ಟ್ರಿಗರನ್ನು ಒತ್ತಿಬಿಡಬಹುದು.

ವೆಲ್ಡಿಂಗ್ ಶಾಪಿನ ಕಪಾಟು ಮತ್ತು ಸಿದ್ಧ ಕಪಾಟು

ನಿಜವಾದ ಪೈಪೋಟಿ ಇರುವುದು ಇವೆರಡರ ನಡುವೆ. ಸಿದ್ಧ ಕಪಾಟುಗಳ ಜಾಹೀರಾತಿನಲ್ಲಿ ‘ಹೆವಿ ಡ್ಯೂಟಿ’ ಎಂಬ ಮಾತು ಇದ್ದೇ ಇರುತ್ತದೆ, ತಗಡಿನ ದಪ್ಪ ಮಾತ್ರ ಹಲವು ಸಲ ಇರುವುದಿಲ್ಲ, ಅಥವಾ ಗೇಜಿನಲ್ಲಿ ಇರುತ್ತದೆ. ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು: 18 ಗೇಜ್ ಎಂದರೆ ಸುಮಾರು 1.2 ಮಿ.ಮೀ., 14 ಎಂದರೆ 1.9, 12 ಎಂದರೆ 2.7, 10 ಎಂದರೆ 3.4 ಮಿ.ಮೀ. ಮಾರುವವರ ಮಾತನ್ನು ಪರೀಕ್ಷಿಸಲು ಒಂದು ಸರಳ ದಾರಿ ತೂಕ. ಒಂದು ಮಿಲಿಮೀಟರ್ ದಪ್ಪದ ಒಂದು ಚದರ ಮೀಟರ್ ಉಕ್ಕು 7.85 ಕಿಲೋ ತೂಗುತ್ತದೆ. 150 ಸೆಂ.ಮೀ. ಎತ್ತರ, 35 ಅಗಲ, 30 ಆಳದ ಕಪಾಟಿನ ಆರೂ ಮೈಗಳನ್ನು ಕೂಡಿದರೆ 2.16 ಚದರ ಮೀಟರ್ ಆಗುತ್ತದೆ. ಆ ಕಪಾಟು 3 ಮಿ.ಮೀ. ತಗಡಿನದಾದರೆ ಬರಿಯ ತಗಡೇ 51 ಕಿಲೋ ಬರಬೇಕು, 2 ಮಿ.ಮೀ. ಆದರೆ 34, ಒಂದೇ ಮಿ.ಮೀ. ಆದರೆ 17. ‘ಮೂರು ಮಿಲಿಮೀಟರ್’ ಎಂದು ಬರೆದು ಒಟ್ಟು ತೂಕ 25 ಕಿಲೋ ಎಂದು ಕೊಟ್ಟಿದ್ದರೆ ಎಲ್ಲೋ ಬಾಗಿಲು ಮಾತ್ರ ದಪ್ಪವಿದೆ, ಮೈ ತೆಳುವಾಗಿದೆ ಎಂದು ಮನೆಯಲ್ಲೇ ಕುಳಿತು ಕಂಡುಹಿಡಿಯಬಹುದು.

ಬ್ರಿಟನ್ನಿನಲ್ಲಿ ಬಂದೂಕು ಕಪಾಟುಗಳಿಗೆಂದೇ 1992ರಲ್ಲಿ ಬಿಎಸ್ 7558 ಎಂಬ ಮಾನಕ ಬಂತು. ಅಲ್ಲಿಂದ ತರಿಸುವವರು, ಅಥವಾ ಅಲ್ಲಿ ನೆಲೆಸಿರುವ ಕನ್ನಡಿಗರು, ಆ ಗುರುತನ್ನು ನೋಡಿ ಕೊಂಡರೆ ಹೆಚ್ಚು ಯೋಚಿಸಬೇಕಾಗಿಲ್ಲ. ನಮ್ಮ ಐಎಸ್ 550 ತಿಜೋರಿಗಳ ಮಾನಕ. ಹಣ, ಒಡವೆಗೆ ಅದು ಸರಿ, ಆದರೆ ಆ ಬಗೆಯ ಗಿಡ್ಡ ತಿಜೋರಿಯಲ್ಲಿ ನಾಲ್ಕು ಅಡಿಯ ಕೋವಿ ನಿಲ್ಲುವುದಿಲ್ಲ.

ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವುದಾದರೆ ದೊಡ್ಡ ಲಾಭ ಅಳತೆಯದು: ಕೇಪಿನ ಕೋವಿಗೆ ತಕ್ಕ ಎತ್ತರ, ಮೂಲೆಗೆ ತಕ್ಕ ಅಗಲ, ತೋಟಾಗಳಿಗೆ ಬೇರೆ ಬೀಗದ ಗೂಡು, ಎಲ್ಲವನ್ನೂ ಹೇಳಿ ಮಾಡಿಸಬಹುದು. ಆದರೆ ಗೇಟು, ಕಿಟಕಿಯ ಸರಳು ಮಾಡಿ ಪಳಗಿದ ಕೈಗೆ ಪೆಟ್ಟಿಗೆಯ ಮರ್ಮಗಳನ್ನು ನಾವೇ ಹೇಳಬೇಕಾಗುತ್ತದೆ. ಬಾಗಿಲು ಚೌಕಟ್ಟಿನ ಮೇಲೆ ಕೂರದೆ ಒಳಗೆ ಇಳಿದು ಕೂರಬೇಕು, ಹಾರೆ ಸಿಕ್ಕಿಸಲು ಅಂಚು ಸಿಗಬಾರದು. ಹಿಂಜು (ಬಾಗಿಲು ತಿರುಗುವ ಕೀಲು) ಹೊರಗಿದ್ದರೂ ಚಿಂತೆಯಿಲ್ಲ, ಆದರೆ ಹಿಂಜಿನ ಬದಿಯಲ್ಲಿ ಬಾಗಿಲಿನ ಒಳಮೈಗೆ ಉದ್ದಕ್ಕೂ ಒಂದು ಪಟ್ಟಿ ಬೆಸೆದು ಅದು ಚೌಕಟ್ಟಿನ ಹಿಂದೆ ಸೇರಿಕೊಳ್ಳುವಂತಿದ್ದರೆ ಹಿಂಜನ್ನು ಕತ್ತರಿಸಿದರೂ ಬಾಗಿಲು ಕಳಚುವುದಿಲ್ಲ. ಚಿಲಕ ಒಂದೇ ಕಡೆ ಬೀಳದೆ ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಬೀಳಬೇಕು. ಬೀಗದ ಹಿಂಬದಿಗೆ ಇನ್ನೊಂದು ತುಂಡು ತಗಡು ಬೆಸೆದರೆ ಡ್ರಿಲ್ಲಿಗೂ ತಡೆಯಾಗುತ್ತದೆ. ಹೊರಗೆ ನೇತಾಡುವ ಬೀಗ ಬೇಡ, ಅದನ್ನು ಕತ್ತರಿಸುವುದೇ ಎಲ್ಲಕ್ಕಿಂತ ಸುಲಭ. ಬಣ್ಣ ಬಳಿದ ಮೇಲೆ ಬಾಗಿಲು ತೆರೆದಿಟ್ಟು ವಾಸನೆ ಪೂರ್ತಿ ಹೋದ ನಂತರವೇ ಕೋವಿಯನ್ನು ಒಳಗಿಡಬೇಕು.

ಈ ಮರ್ಮಗಳನ್ನು ಕೇಳಿಸಿಕೊಳ್ಳುವ ತಾಳ್ಮೆಯ ಕೆಲಸಗಾರ ಸಿಕ್ಕಿದರೆ, 3 ಮಿ.ಮೀ. ತಗಡಿನ ಮಾಡಿಸಿದ ಕಪಾಟೇ ನನ್ನ ಮೊದಲ ಆಯ್ಕೆ. ಸಿಗದಿದ್ದರೆ 2 ಮಿ.ಮೀ.ಗೆ ಕಡಿಮೆಯಿಲ್ಲದ, ಕೀಲಿಯ ಬೀಗವಿರುವ ಸಿದ್ಧ ಕಪಾಟು. ಒಂದೂವರೆ ಮಿಲಿಮೀಟರಿಗಿಂತ ತೆಳುವಾದುದಕ್ಕೆ ದುಡ್ಡು ಕೊಡುವ ಬದಲು ಇರುವ ಬೀರುವಿಗೇ ಒಳ್ಳೆಯ ಬೀಗ ಹಾಕಿಸಿ ಕೇಬಲ್ ಲಾಕ್ ಬಳಸುವುದು ಮೇಲು.

ಬೆಂಕಿ ತಡೆಯುವ ಭಾರಿ ತಿಜೋರಿ

ಇನ್ನೂರು ಕಿಲೋ ದಾಟುವ, ಗೋಡೆಯೊಳಗೆ ಜಿಪ್ಸಮ್ ಹಲಗೆ ತುಂಬಿದ ತಿಜೋರಿ ನೋಡಲು ಗಂಭೀರವಾಗಿರುತ್ತದೆ. ಬೆಂಕಿ ಬಿದ್ದಾಗ ಜಿಪ್ಸಮ್ಮಿನಲ್ಲಿರುವ ನೀರಿನಂಶ ಆವಿಯಾಗಿ ಒಳಗಿನ ಬಿಸಿ ಏರುವುದನ್ನು ತಡೆಹಿಡಿಯುತ್ತದೆ. ಕಾಗದಪತ್ರಗಳ ತಿಜೋರಿಗೆ ಒಳಗಿನ ಉಷ್ಣತೆ 177 ಡಿಗ್ರಿ ಸೆಲ್ಸಿಯಸ್ ದಾಟಬಾರದೆಂಬುದು ಅಮೆರಿಕದ ಒಂದು ಪ್ರಸಿದ್ಧ ಮಾನಕದ ಮಿತಿ. ಆದರೆ ಅದೇ ಜಿಪ್ಸಮ್, ಅದರ ಮೇಲೆ ಹೊದಿಸಿದ ಜಮಖಾನೆಯಂಥ ಬಟ್ಟೆ, ಎರಡೂ ಆಷಾಢದ ತೇವವನ್ನು ಹೀರಿಕೊಂಡು ಕೋವಿಯ ಸುತ್ತಲೇ ಹಿಡಿದಿಟ್ಟುಕೊಳ್ಳುತ್ತವೆ. ಹಳೆಯ ಮನೆಯ ಹಲಗೆ ನೆಲಕ್ಕೆ ಆ ಭಾರವನ್ನು ಹೊರಿಸುವುದೂ ಸರಿಯಲ್ಲ. ಆಸ್ತಿಪತ್ರ, ಒಡವೆ, ಕೋವಿ ಎಲ್ಲವನ್ನೂ ಒಂದೇ ಕಡೆ ಇಡಬೇಕೆನ್ನುವವರಿಗೆ, ನೆಲಮಹಡಿಯಲ್ಲಿ ಕಾಂಕ್ರೀಟ್ ನೆಲವಿದ್ದರೆ, ಇದು ಆಗಬಹುದು. ಉಳಿದವರಿಗೆ ದುಂದು.

ನಗರದಲ್ಲಿ ಪಿಸ್ತೂಲು, ರಿವಾಲ್ವರ್ ಇಟ್ಟುಕೊಂಡಿರುವವರಿಗೆ ಸಿಗುವ ಕೈಪೆಟ್ಟಿಗೆಗಳ ಬಗ್ಗೆ ಒಂದೇ ಮಾತು: ಹೊತ್ತೊಯ್ಯಲು ಬರುವ ಪೆಟ್ಟಿಗೆ ಎಂದರೆ ಕಳ್ಳನಿಗೆ ಹಿಡಿಕೆ ಸಮೇತ ಕೊಟ್ಟಂತೆ, ಆದ್ದರಿಂದ ಅದನ್ನು ಗೋಡೆಯ ಕಪಾಟಿನ ತಳಕ್ಕೆ ಒಳಗಿನಿಂದ ಬೋಲ್ಟ್ ಮಾಡಿಸಬೇಕು.

ಬೀಗ: ಕೀಲಿ, ಅಂಕಿ, ಬೆರಳು

ಬೆರಳಚ್ಚಿನ ಬೀಗದ ಆಕರ್ಷಣೆ ದೊಡ್ಡದು. ಆದರೆ ಕಾಫಿ ಕುಯ್ದು, ಕತ್ತಿ ಹಿಡಿದು, ಸುಣ್ಣ ಕಲಸಿ ಸವೆದ ಬೆರಳುಗಳನ್ನು ಆ ಯಂತ್ರಗಳು ಒಂದು ದಿನ ಗುರುತಿಸಿ ಮರುದಿನ ಒಲ್ಲೆನ್ನುತ್ತವೆ, ಒದ್ದೆ ಬೆರಳನ್ನಂತೂ ಹೇಳುವುದೇ ಬೇಡ. ಇದಕ್ಕೆ ವಿರುದ್ಧವಾದ ದೋಷ ಇನ್ನೂ ಅಪಾಯದ್ದು. 2023ರ ಅಕ್ಟೋಬರಿನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಸುಮಾರು 61,000 ಬೆರಳಚ್ಚು ಬಂದೂಕು ಪೆಟ್ಟಿಗೆಗಳನ್ನು ಹಿಂತೆಗೆಸಿತು. ಬೆರಳಚ್ಚು ನೋಂದಾಯಿಸಿ ಮುಗಿಯುವವರೆಗೆ ಅವು ಯಾರ ಬೆರಳಿಗೂ ತೆರೆದುಕೊಳ್ಳುವಂತಿದ್ದವು, ಮಾಲೀಕರು ನೋಂದಣಿ ಆಗಿದೆ ಎಂದೇ ನಂಬಿರುತ್ತಿದ್ದರು, ಹನ್ನೆರಡು ವರ್ಷದ ಒಬ್ಬ ಹುಡುಗನ ಸಾವು ಈ ಕ್ರಮಕ್ಕೆ ಹಿನ್ನೆಲೆಯಾಗಿತ್ತು. ಯಾವುದೇ ಬೆರಳಚ್ಚು ಪೆಟ್ಟಿಗೆ ತಂದರೂ ಖಾಲಿ ಇರುವಾಗಲೇ ಮನೆಯ ಬೇರೆಯವರೆಲ್ಲರ ಬೆರಳನ್ನೂ ಇಟ್ಟು ತೆರೆಯುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಅಂಕಿ ಒತ್ತುವ ಬೀಗ ಇದಕ್ಕಿಂತ ವಾಸಿ, ಆದರೆ ಮಕ್ಕಳ ಹುಟ್ಟಿದ ವರ್ಷವನ್ನು ಮಕ್ಕಳೇ ಮೊದಲು ಊಹಿಸುತ್ತಾರೆ. ಮಳೆಗಾಲಕ್ಕೆ ಮೊದಲು ಬ್ಯಾಟರಿ ಬದಲಿಸಬೇಕು. ವರ್ಷಗಟ್ಟಲೆ ಹಾಗೆಯೇ ಬಿಟ್ಟ ಬ್ಯಾಟರಿ ಸೋರಿ ಒಳಗಿನ ತಂತಿಗಳನ್ನೇ ತಿನ್ನುತ್ತದೆ. ಅಂಕಿಯ ಬೀಗದ ಜೊತೆ ಬರುವ ತುರ್ತು ಕೀಲಿಯನ್ನು ಅದೇ ಪೆಟ್ಟಿಗೆಯೊಳಗೆ ಇಟ್ಟು ಬಾಗಿಲು ಹಾಕುವವರು ಇದ್ದಾರೆ, ನಗಬೇಡಿ. ತಿರುಗಿಸುವ ಅಂಕಿಚಕ್ರದ ಬೀಗಕ್ಕೆ ಬ್ಯಾಟರಿಯ ಗೊಡವೆಯಿಲ್ಲ, ಬಾಳಿಕೆಯೂ ಹೆಚ್ಚು, ತೆರೆಯಲು ನಿಧಾನ.

ಒಳ್ಳೆಯ ಲಿವರ್ ಕೀಲಿಯ ಬೀಗವೇ ನಮ್ಮ ಹವೆಗೆ ಹೊಂದುತ್ತದೆ ಎಂಬುದು ನನ್ನ ನಿಲುವು. ಆಗ ಪ್ರಶ್ನೆ ಪೂರ್ತಿ ಕೀಲಿಯ ಕಡೆಗೆ ಹೊರಳುತ್ತದೆ. ದೇವರ ಕೋಣೆಯ ಪಟದ ಹಿಂದೆ, ಬೀರುವಿನ ಮೇಲೆ, ಅಕ್ಕಿಡಬ್ಬಿಯಲ್ಲಿ ಇಟ್ಟ ಕೀಲಿ ಮನೆಯ ಮಕ್ಕಳಿಗೆ ಗೊತ್ತಿಲ್ಲವೆಂದು ಹಿರಿಯರು ಮಾತ್ರ ನಂಬಿರುತ್ತಾರೆ. ಕೀಲಿಗೆಂದೇ ಅಂಗೈಯಗಲದ ಅಂಕಿ ಬೀಗದ ಡಬ್ಬಿಯೊಂದನ್ನು ಬೇರೆ ಕೋಣೆಯಲ್ಲಿ ಇರಿಸುವುದು ಅಗ್ಗದ, ನಂಬಬಹುದಾದ ದಾರಿ. ಪರವಾನಗಿಯ ಕೋವಿಯಾದರೆ ಆ ಅಂಕಿ ಪರವಾನಗಿದಾರರಿಗೆ ಮಾತ್ರ ತಿಳಿದಿರಬೇಕು.

ಕೊಡಗಿನವರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಮಗು ಹುಟ್ಟಿದಾಗ ಒಂದು, ಸಾವಾದಾಗ ಎರಡು ಈಡು ಹಾರಿಸುವ ಪದ್ಧತಿ ಇರುವಲ್ಲಿ, ಹುತ್ತರಿಯ ಕದಿರು ತೆಗೆಯುವಾಗ ಕೋವಿಯ ಸದ್ದು ಬೇಕೇ ಬೇಕಾದಲ್ಲಿ, ಎರಡು ಬೀಗಗಳ ಹಿಂದೆ ಕೋವಿ ಇಟ್ಟರೆ ಹೇಗೆ? ಸಾವಿನ ಮನೆಯಲ್ಲೂ ಐದು ನಿಮಿಷ ತಡವಾದರೆ ಪದ್ಧತಿಗೆ ಕೊರತೆಯಾಗದು. ಎಚ್ಚರ ಹೆಚ್ಚು ಬೇಕಾದುದು ಕೊಡವರ ಆಯುಧಪೂಜೆಯ ಹಬ್ಬವಾದ ಸೆಪ್ಟೆಂಬರಿನ ಕೈಲ್ ಪೊಳ್ದಿನ ದಿನ: ಕೋವಿಗಳನ್ನು ತೊಳೆದು ಒರೆಸಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಕನ್ನಿಕೊಂಬರೆಯಲ್ಲಿ (ಮನೆಯ ಪೂಜೆಯ ಕೋಣೆಯಲ್ಲಿ) ಪೂಜೆಗಿಟ್ಟಾಗ ಮನೆ ತುಂಬ ನೆಂಟರು, ಮಕ್ಕಳು ಇರುತ್ತಾರೆ. ಪೂಜೆಗಿಡುವ ಮುನ್ನ ನಳಿಗೆ ಖಾಲಿ ಇರುವುದನ್ನು ಇಬ್ಬರು ನೋಡುವುದು, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಮುಗಿದ ಸಂಜೆಯೇ ಕೋವಿಗಳನ್ನು ಎಣಿಸಿ ಪೆಟ್ಟಿಗೆಗೆ ಸೇರಿಸುವುದು, ಊಟಕ್ಕೆ ಕೂರುವ ಮೊದಲೇ ಆಗಬೇಕಾದ ಕೆಲಸಗಳು.

ಗೋಡೆ ಮತ್ತು ತೇವ

ಐವತ್ತು ಕಿಲೋದ ಕಪಾಟನ್ನು ಇಬ್ಬರು ಹೊತ್ತುಕೊಂಡು ಹೋಗಬಹುದು, ಆದ್ದರಿಂದ ಬೋಲ್ಟ್ ಹಾಕದ ಕಪಾಟು ಅರ್ಧ ಕಪಾಟು. ಕಾಂಕ್ರೀಟ್ ಗೋಡೆಗೂ ನೆಲಕ್ಕೂ 10 ಅಥವಾ 12 ಮಿ.ಮೀ.ನ ಆಂಕರ್ ಬೋಲ್ಟುಗಳು ಗಟ್ಟಿಯಾಗಿ ಕಚ್ಚುತ್ತವೆ. ಹಳೆಯ ಮಣ್ಣಿನ ಗೋಡೆಯಲ್ಲಿ ಅವೇ ಬೋಲ್ಟುಗಳು ಬಿಗಿಮಾಡುವಾಗಲೇ ಸುತ್ತಲಿನ ಮಣ್ಣನ್ನು ಪುಡಿಮಾಡಿಕೊಂಡು ಸಡಿಲವಾಗುತ್ತವೆ. ಜಂಬಿಟ್ಟಿಗೆಯೂ ಟೊಳ್ಳು ಇಟ್ಟಿಗೆಯೂ ಹೆಚ್ಚು ನಂಬಿಕೆಗೆ ಅರ್ಹವಲ್ಲ. ಅಂಥಲ್ಲಿ ಉದ್ದನೆಯ ಬೋಲ್ಟನ್ನು ಗೋಡೆಯ ಆಚೆಗೆ ತೂರಿಸಿ, ಆಚೆಯ ಕೋಣೆಯಲ್ಲಿ ಉಕ್ಕಿನ ಪಟ್ಟಿ ಕೊಟ್ಟು ನಟ್ಟು ಬಿಗಿಯಬೇಕು, ಇಲ್ಲವೇ ನೆಲದಲ್ಲಿ ಸಣ್ಣ ಕಾಂಕ್ರೀಟ್ ಗಟ್ಟಿ ಹಾಕಿಸಿ ಅದಕ್ಕೆ ಹಿಡಿಸಬೇಕು. ಮಳೆ ಹೊಡೆಯುವ ಹೊರಗೋಡೆಗೆ ಕಪಾಟು ತಾಗಿಸಬಾರದು. ಒಳಗೋಡೆಯೇ ಆಗಲಿ, ನೆಲದಿಂದ ನಾಲ್ಕು ಬೆರಳಾದರೂ ಎತ್ತರಿಸಿ, ಹಿಂದೆ ಗಾಳಿಯಾಡಲು ಸಂದು ಬಿಡಬೇಕು.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಚಪ್ಪಲಿಗೆ ಬೂಸ್ಟು ಹಿಡಿಯುವ ಮನೆಯಲ್ಲಿ ಉಕ್ಕಿಗೆ ತುಕ್ಕು ಹಿಡಿಯದೆ ಇರುತ್ತದೆಯೇ? ಬೇರೆ ದೇಶದ ಮಾರ್ಗದರ್ಶಿಗಳು ಪೆಟ್ಟಿಗೆಯ ತಳದಲ್ಲಿ ವಿದ್ಯುತ್ತಿನಿಂದ ಬಿಸಿಯಾಗುವ ಸರಳನ್ನು ಇಡಲು ಹೇಳುತ್ತವೆ. ಒಳಗಿನ ಗಾಳಿಯನ್ನು ಕೆಲವೇ ಡಿಗ್ರಿ ಬಿಸಿ ಮಾಡಿದರೂ ಅದರ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ, ಅಲ್ಲಿಯವರೆಗೆ ಸರಿ. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರುಗಳಲ್ಲಿ, ಅತಿ ಹೆಚ್ಚು ಬೇಕಾದ ವಾರದಲ್ಲೇ ಆ ಸರಳು ತಣ್ಣಗಿರುತ್ತದೆ. ಆದ್ದರಿಂದ ಸಿಲಿಕಾ ಜೆಲ್ಲೇ ಆಧಾರ. ಅಂಗೈಯಗಲದ ಪೊಟ್ಟಣ ಸಾಲದು. ಅರ್ಧ ಕಿಲೋದಿಂದ ಒಂದು ಕಿಲೋದಷ್ಟು, ಬಣ್ಣ ಬದಲಿಸುವ ಜಾತಿಯದನ್ನು ತೆಳುವಾದ ಹತ್ತಿಬಟ್ಟೆಯ ಚೀಲದಲ್ಲಿ ಇಡಬೇಕು. ಕಿತ್ತಳೆ ಬಣ್ಣದ್ದು ಹಸಿರಾದಾಗ ಓವನ್ನಿನಲ್ಲಿ ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಮೊದಲಿನಂತಾಗುತ್ತದೆ. ಆರ್ದ್ರತೆ ತೋರಿಸುವ ಪುಟ್ಟ ಮಾಪಕವೊಂದನ್ನು ಒಳಗಿಟ್ಟು 50ರ ಆಸುಪಾಸಿನಲ್ಲಿ ಇರುವಂತೆ ನೋಡಿಕೊಂಡರೆ ತುಕ್ಕಿನ ಭಯ ಬಹಳ ಮಟ್ಟಿಗೆ ದೂರ. ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಹಾಕಿಸದಿದ್ದರೆ ಜೆಲ್ ಇಡೀ ಕೋಣೆಯ ತೇವವನ್ನು ಹೀರುತ್ತಾ ಕೂರುತ್ತದೆ.

ಚರ್ಮದ ಚೀಲದಲ್ಲಿ ಹಾಕಿಟ್ಟರೆ ಕೋವಿ ಭದ್ರ ಎಂಬ ನಂಬಿಕೆ ಇದೆ. ಚೀಲ ಸಾಗಿಸಲು ಮಾತ್ರ; ಮಳೆಗಾಲವಿಡೀ ಅದರಲ್ಲಿ ಮಲಗಿದ ಕೋವಿಯ ನಳಿಗೆಯ ಮೇಲೆ ಹೊಲಿಗೆಯ ಗೆರೆಯಂತೆಯೇ ತುಕ್ಕಿನ ಗೆರೆ ಮೂಡಿರುತ್ತದೆ. ಬರಿಗೈಯಲ್ಲಿ ಮುಟ್ಟಿದ ಜಾಗದಲ್ಲಿ ಬೆವರಿನ ಉಪ್ಪು ಬೆರಳಿನ ಆಕಾರದಲ್ಲೇ ತುಕ್ಕಾಗುತ್ತದೆ, ಆದ್ದರಿಂದ ಬಾಗಿಲು ಹಾಕುವ ಮುನ್ನ ಎಣ್ಣೆಬಟ್ಟೆಯಿಂದ ಒರೆಸುವುದೇ ಕೊನೆಯ ಕೆಲಸವಾಗಲಿ. ಎಣ್ಣೆ ಹೆಚ್ಚಾದರೂ ತೊಂದರೆ: ನೆಟ್ಟಗೆ ನಿಲ್ಲಿಸಿದ ಕೋವಿಯಲ್ಲಿ ಅದು ಇಳಿದು ಹಿಡಿಯ ಮರವನ್ನು ಮೆತ್ತಗಾಗಿಸುತ್ತದೆ. ಖಾಲಿ ಕೋವಿಯನ್ನು ಬಾಯಿ ಕೆಳಗಾಗಿ, ದಪ್ಪ ಬಟ್ಟೆಯ ಮೇಲೆ ನಿಲ್ಲಿಸುವವರ ಲೆಕ್ಕ ಇದೇ. ಕೇಪಿನ ಕೋವಿಯಲ್ಲಿ ಕರಿಮದ್ದಿನ ಮಸಿ ಉಳಿದಿದ್ದರೆ ಯಾವ ಜೆಲ್ಲೂ ಕಾಯದು, ಬಿಸಿನೀರಿನಲ್ಲಿ ತೊಳೆದು ಒಣಗಿಸಿಯೇ ಒಳಗಿಡಬೇಕು.

ಪೆಟ್ಟಿಗೆಯೇ ಸಾಲದಾಗುವ ಸಂದರ್ಭಗಳು

ಮನೆಯಲ್ಲಿ ಯಾರಾದರೂ ತೀವ್ರ ಮನೋವ್ಯಥೆಯಲ್ಲಿದ್ದರೆ, ಸಾಯುವ ಮಾತಾಡುತ್ತಿದ್ದರೆ, ಎಷ್ಟು ಗಟ್ಟಿಯಾದ ಕಪಾಟೂ ಸಾಲದು. ಕೀಲಿ ಅವರ ಬಳಿಯೇ ಇರಬಹುದು. ಆಗ ಕೋವಿಯನ್ನು ಪರವಾನಗಿ ಪಡೆದ ಬಂದೂಕು ವ್ಯಾಪಾರಿಯಲ್ಲಿಯೋ ಪೊಲೀಸ್ ಠಾಣೆಯಲ್ಲಿಯೋ ಠೇವಣಿ ಇಟ್ಟು ರಸೀದಿ ಪಡೆಯುವುದು ಸರಿಯಾದ ಆಯ್ಕೆ. ಚುನಾವಣೆಯ ಹೊತ್ತಿಗೆ ಠೇವಣಿ ಇಟ್ಟು ರೂಢಿಯಿರುವವರಿಗೆ ಇದು ಹೊಸ ಕೆಲಸವೇನಲ್ಲ. ಮಾತನಾಡಲು ಯಾರೂ ಸಿಗದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು. ವರ್ಷದ ಬಹುಪಾಲು ಮನೆಗೆ ಬೀಗ ಹಾಕಿ ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವವರಿಗೂ ಠೇವಣಿಯೇ ಲೇಸು, ಏಕೆಂದರೆ ಯಾರೂ ಇಲ್ಲದ ಮನೆಯಲ್ಲಿ ಕಳ್ಳನಿಗೆ ಎಷ್ಟು ಹೊತ್ತು ಬೇಕಾದರೂ ಸಿಗುತ್ತದೆ. ಕೋವಿ ಕಳವಾದದ್ದು ತಿಳಿದ ಕೂಡಲೇ ಠಾಣೆಗೆ ತಿಳಿಸಬೇಕು, ಅದಕ್ಕೆ ಬೇಕಾಗುವ ನಳಿಗೆಯ ಸಂಖ್ಯೆಯನ್ನು, ಪರವಾನಗಿಯ ನಕಲನ್ನು ಪೆಟ್ಟಿಗೆಯ ಹೊರಗೆ, ಬೇರೆ ಕಡೆ ಇಟ್ಟಿರಬೇಕು.

ಪರವಾನಗಿದಾರರು ತೀರಿಕೊಂಡಾಗ ಕೀಲಿ ಸಿಗದೆ, ಅಂಕಿ ತಿಳಿಯದೆ, ಒಳಗೆ ಕೋವಿ ತುಂಬಿದೆಯೋ ಖಾಲಿಯೋ ಗೊತ್ತಿಲ್ಲದೆ ಮನೆಯವರು ಗ್ರೈಂಡರ್ ತಂದು ಬಾಗಿಲು ಕೊಯ್ಯಿಸುವುದುಂಟು. ಅಂಕಿಯನ್ನೂ ಒಳಗಿರುವ ಕೋವಿ, ತೋಟಾಗಳ ಪಟ್ಟಿಯನ್ನೂ ಬರೆದು, ಲಕೋಟೆಗೆ ಅಂಟುಹಾಕಿ, ವಕೀಲರ ಬಳಿಯೋ ಬ್ಯಾಂಕ್ ಲಾಕರಿನಲ್ಲೋ ಇಟ್ಟರೆ ಆ ಪಾಡು ತಪ್ಪುತ್ತದೆ. ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಬರುವವರೆಗೆ ಆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳದೆ, ತಡಮಾಡದೆ ಠಾಣೆಗೋ ವ್ಯಾಪಾರಿಗೋ ಒಪ್ಪಿಸಬೇಕು.